ಒಂದೇ ಕೋಣೆ, ಎರಡು ಕೇಂದ್ರ: ಈರುಳ್ಳಿ ಬೇರಿನಲ್ಲಿ ಬೈನ್ಯೂಕ್ಲಿಯೇಟ್ ಕೋಶ ಮಾಡಿದ ಕಥೆ

ಅಕ್ಕನ ಮಗಳು ಜೀವಶಾಸ್ತ್ರದ ಪುಸ್ತಕ ಹಿಡಿದುಕೊಂಡು ಬಂದು ಕೇಳಿದಳು, "ಮಾಮ, ಬೈನ್ಯೂಕ್ಲಿಯೇಟ್ ಅಂದ್ರೆ ಎರಡು ಕೋಶಕೇಂದ್ರ ಇರೋ ಜೀವಕೋಶ ಅಂತ ಬರೆದಿದೆ. ಅದನ್ನ ನಾವು ನೋಡಬಹುದಾ?" ಪುಸ್ತಕದಲ್ಲಿ ಇದ್ದದ್ದು ಒಂದೇ ಸಾಲು, ಚಿತ್ರವೂ ಇಲ್ಲ. ನೋಡೋಣ ಬಿಡು ಅಂದೆ. ಅಲ್ಲಿಂದ ಮೂರು ವಾರ ಮೇಜಿನ ಮೇಲೆ ಗಾಜಿನ ಜಾಡಿಗಳದ್ದೇ ರಾಜ್ಯ.

ಪದ ಸುಲಭ. ಬೈ ಅಂದರೆ ಎರಡು. ನ್ಯೂಕ್ಲಿಯಸ್ ಅಂದರೆ ಲ್ಯಾಟಿನ್‌ನಲ್ಲಿ ಕಾಯಿಯೊಳಗಿನ ತಿರುಳು. ಕೋಶದೊಳಗಿನ ಆ ತಿರುಳಿಗೆ 1831ರಲ್ಲಿ ಹೆಸರು ಕೊಟ್ಟವನು ರಾಬರ್ಟ್ ಬ್ರೌನ್, ಆರ್ಕಿಡ್ ಗಿಡದ ಕೋಶಗಳನ್ನು ನೋಡುತ್ತಾ. ಕನ್ನಡದಲ್ಲಿ ದ್ವಿಕೇಂದ್ರೀಯ ಕೋಶ ಅನ್ನಬಹುದು. ನಾವಿಬ್ಬರೂ ಜೋಡಿ ಕೋಶ ಅಂತಲೇ ಕರೆದೆವು.

ಇಂಥ ಕೋಶಗಳು ಅಪರೂಪವೇನಲ್ಲ. ನಮ್ಮ ಯಕೃತ್ತಿನಲ್ಲಿ ಇವೆ, ಹೃದಯದ ಸ್ನಾಯುವಿನಲ್ಲಿ ಇವೆ, ಮೂತ್ರಕೋಶದ ಒಳಪದರದಲ್ಲೂ ಇವೆ. ಹೂವಿನ ಪರಾಗಚೀಲದೊಳಗೆ ಪರಾಗಕ್ಕೆ ಆಹಾರ ಒದಗಿಸುವ ಪದರದಲ್ಲಿ ಎಷ್ಟೋ ಗಿಡಗಳಿಗೆ ಎರಡು ಕೇಂದ್ರದ ಕೋಶಗಳೇ ಇರುತ್ತವೆ. ಅಣಬೆಯ ಎಳೆಗಳಲ್ಲಿ ತಂದೆಯ ಕಡೆಯದೊಂದು, ತಾಯಿಯ ಕಡೆಯದೊಂದು ಅನ್ನುವ ಹಾಗೆ ಎರಡು ಬೇರೆ ಬೇರೆ ಕೇಂದ್ರಗಳು ಬಹಳ ಕಾಲ ಒಂದಾಗದೆ ಜೊತೆಗೇ ಸಾಗುತ್ತವೆ. ಪ್ಯಾರಮೀಸಿಯಂ ಅನ್ನುವ ಒಂದೇ ಕೋಶದ ಜೀವಿಯಲ್ಲೂ ಎರಡು ಬಗೆಯ ಕೇಂದ್ರ, ದೊಡ್ಡದು ದಿನನಿತ್ಯದ ಕೆಲಸಕ್ಕೆ, ಚಿಕ್ಕದು ವಂಶ ಮುಂದುವರಿಸುವುದಕ್ಕೆ. ಆದರೆ ಆ ಚಿಕ್ಕದು ದೊಡ್ಡದರ ಮಗ್ಗುಲಲ್ಲೇ ಅಂಟಿಕೊಂಡಿರುತ್ತದೆ, ಬಣ್ಣ ಹಾಕಿದರೂ ಹುಡುಕುವುದು ಕಷ್ಟ.

ಅದಕ್ಕಿಂತ ಹೆಚ್ಚಾಗಿ, ಎಲ್ಲೋ ಇರುವುದನ್ನು ಹುಡುಕುವ ಬದಲು ಕಣ್ಣೆದುರಿಗೇ ಆಗುವಂತೆ ಮಾಡಬೇಕು ಅನ್ನುವ ಆಸೆ ನನಗೆ. ಹಾಗಾಗಿ ಈರುಳ್ಳಿ ಬೇರು ಮತ್ತು ಕೆಫೀನ್.

ಯಾಕೆ ಕೆಫೀನ್

ಕೋಶ ಎರಡಾಗುವಾಗ ಎರಡು ಕೆಲಸ ನಡೆಯುತ್ತವೆ. ಮೊದಲು ಕೇಂದ್ರ ಎರಡಾಗುತ್ತದೆ. ಆಮೇಲೆ ಕೋಶವೇ ಎರಡಾಗುತ್ತದೆ. ಪ್ರಾಣಿಗಳ ಕೋಶ ಸೊಂಟಕ್ಕೆ ದಾರ ಬಿಗಿದ ಹಾಗೆ ನಡುವೆ ಕುಗ್ಗಿ ತುಂಡಾಗುತ್ತದೆ. ಗಿಡದ ಕೋಶಕ್ಕೆ ಗಟ್ಟಿ ಗೋಡೆ ಇದೆ, ಕುಗ್ಗುವುದಕ್ಕೆ ಆಗದು. ಅದು ಒಳಗೇ, ನಟ್ಟನಡುವೆ ಹೊಸ ಗೋಡೆ ಕಟ್ಟುತ್ತದೆ. ಸಣ್ಣ ಸಣ್ಣ ಗುಳ್ಳೆಗಳು ಗೋಡೆಯ ಸಾಮಾನು ಹೊತ್ತು ನಡುವಿನ ಗೆರೆಗೆ ಬಂದು ಒಂದಕ್ಕೊಂದು ಸೇರುತ್ತವೆ. ಆ ತಟ್ಟೆ ಅಂಚಿನವರೆಗೆ ಬೆಳೆದು ಹಳೆಯ ಗೋಡೆಗೆ ಕೂಡಿಕೊಂಡರೆ ಕೆಲಸ ಮುಗಿಯಿತು.

ಕೆಫೀನ್ ತೊಂದರೆ ಕೊಡುವುದು ಇಲ್ಲಿ. ಗುಳ್ಳೆಗಳು ಬರುತ್ತವೆ, ಸೇರುವುದಕ್ಕೂ ಶುರು ಮಾಡುತ್ತವೆ. ಆದರೆ ತಟ್ಟೆ ಗಟ್ಟಿಯಾಗುವುದಿಲ್ಲ, ಕರಗಿ ಹೋಗುತ್ತದೆ. ಕೇಂದ್ರ ಮಾತ್ರ ಆಗಲೇ ಎರಡಾಗಿ ಬಿಟ್ಟಿದೆ. ಹೀಗೆ ಒಂದೇ ಕೋಣೆಯಲ್ಲಿ ಎರಡು ಕೇಂದ್ರ ಉಳಿಯುತ್ತವೆ. ಕೋಶ ವಿಭಜನೆ ತಡೆಯಲು ಬಳಸುವ ಇನ್ನೊಂದು ವಸ್ತು ಕಾಲ್ಚಿಸಿನ್, ಅದು ಮಾಡುವ ಕೆಲಸವೇ ಬೇರೆ. ಅದು ವರ್ಣತಂತುಗಳನ್ನು ಎಳೆಯುವ ಎಳೆಗಳನ್ನೇ ಕಟ್ಟಲು ಬಿಡುವುದಿಲ್ಲ, ಅದರಿಂದ ವರ್ಣತಂತು ಎರಡರಷ್ಟಿರುವ ಒಂದೇ ಕೇಂದ್ರ ಸಿಗುತ್ತದೆ. ನಮಗೆ ಬೇಕಿದ್ದದ್ದು ಎಳೆಗಳನ್ನು ಮುಟ್ಟದೆ ಗೋಡೆಯನ್ನು ಮಾತ್ರ ತಡೆಯುವ ವಸ್ತು.

ಬೇರು ಬರಿಸುವುದು

ಮೊದಲ ನಾಲ್ಕು ಈರುಳ್ಳಿ ಬೇರೇ ಬಿಡಲಿಲ್ಲ. ಐದನೇ ದಿನಕ್ಕೆ ಎರಡು ಕೊಳೆತು ವಾಸನೆ ಬಂತು. ಎಷ್ಟೋ ಈರುಳ್ಳಿಗಳಿಗೆ ಮೊಳಕೆ ಬರದಂತೆ ಮೊದಲೇ ಉಪಚಾರ ಮಾಡಿರುತ್ತಾರೆ, ಅಂಥವನ್ನು ಎಷ್ಟು ದಿನ ನೀರಲ್ಲಿಟ್ಟರೂ ಅಷ್ಟೇ. ನಾಟಿಗೆ ಅಂತಲೇ ಮಾರುವ ಸಣ್ಣ ಗಡ್ಡೆ ತಂದ ಮೇಲೆ ದಾರಿ ಸರಿಯಾಯಿತು. ಬುಡದ ಒಣಗಿದ ಹಳೆ ಬೇರನ್ನು ಬ್ಲೇಡಿನಿಂದ ತೆಳ್ಳಗೆ ಹೆರೆಯಬೇಕು, ಆದರೆ ಬುಡದ ಸುತ್ತಲಿನ ಬೇರು ಹುಟ್ಟುವ ಉಂಗುರ ಉಳಿಯಬೇಕು. ಒಂದು ಗಡ್ಡೆಯಲ್ಲಿ ನಾನು ಆಳಕ್ಕೆ ಹೆರೆದುಬಿಟ್ಟೆ, ಅದರಲ್ಲಿ ಬೇರು ಬಂದದ್ದು ಅರ್ಧ ಭಾಗಕ್ಕೆ ಮಾತ್ರ.

ಜಾಡಿಯ ಮುಚ್ಚಳಕ್ಕೆ ದಪ್ಪ ಪ್ಲಾಸ್ಟಿಕ್ ಹಾಳೆ ಕತ್ತರಿಸಿ ನಡುವೆ ತೂತು ಮಾಡಿದೆ. ಗಡ್ಡೆ ಅದರ ಮೇಲೆ ಕೂತು, ಬುಡ ಮಾತ್ರ ನೀರು ಮುಟ್ಟಬೇಕು. ಮೀನಿನ ತೊಟ್ಟಿಯ ಗಾಳಿ ಪಂಪಿನಿಂದ ಒಂದೊಂದು ಜಾಡಿಗೂ ಒಂದೊಂದು ಕೊಳವೆ ಬಿಟ್ಟೆ. ಗಾಳಿ ಇಲ್ಲದ ನೀರಿನಲ್ಲಿ ಬೇರು ಬರುತ್ತದೆ, ಆದರೆ ಕೋಶಗಳು ಸೋಮಾರಿಯಾಗುತ್ತವೆ. ತುದಿಯಲ್ಲಿ ವಿಭಜನೆ ನಡೆಯುವ ಕೋಶ ಕಡಿಮೆ ಸಿಗುತ್ತದೆ. ಈ ಜಾಡಿಗಳನ್ನೆಲ್ಲ ಒಂದು ಅಗಲ ಟಬ್ಬಿನ ನೀರಿನಲ್ಲಿ ಇಟ್ಟೆ. ಟಬ್ಬಿಗೆ ಬಿಸಿ ಕಡ್ಡಿ ಆಮೇಲೆ ಬಂತು, ಅದರ ಕಥೆ ಮುಂದೆ ಇದೆ.

ಮೂರು ದಿನಕ್ಕೆ ಬೇರು ಎರಡು ಸೆಂಟಿಮೀಟರ್ ಆಯಿತು.

ಕೆಫೀನ್‌ಗೆ 200 ಮಿಲಿಗ್ರಾಂನ ಒಂದು ಮಾತ್ರೆ. ಅದನ್ನು ಪುಡಿ ಮಾಡಿ 200 ಮಿಲಿಲೀಟರ್ ನೀರಿಗೆ ಹಾಕಿ ಚೆನ್ನಾಗಿ ಕಲಕಿ, ಫಿಲ್ಟರ್ ಪೇಪರಿನಲ್ಲಿ ಸೋಸಿದರೆ 0.1 ಶೇಕಡಾ ದ್ರಾವಣ. ಮಾತ್ರೆಯ ಬಿಳಿ ಹಿಟ್ಟು ಪೇಪರಿನಲ್ಲಿ ಉಳಿಯುತ್ತದೆ. ಶುದ್ಧ ಕೆಫೀನ್ ಪುಡಿ ತರಿಸಲೇಬೇಡಿ. ಒಂದು ದೊಡ್ಡ ಚಮಚದಷ್ಟು ಪುಡಿ ವಯಸ್ಕರ ಪ್ರಾಣ ತೆಗೆಯಬಲ್ಲದು, ಚಮಚದಲ್ಲಿ ಅಳೆಯುವ ವಸ್ತು ಅದಲ್ಲ. ದ್ರಾವಣದ ಬಾಟಲಿಗೆ ದೊಡ್ಡ ಅಕ್ಷರದಲ್ಲಿ ಚೀಟಿ ಅಂಟಿಸಿ ಬೇರೆ ಕಡೆ ಇಟ್ಟೆ.

ಎರಡು ಜಾಡಿಗೆ ಕೆಫೀನ್, ಒಂದಕ್ಕೆ ಬರೀ ನೀರು. ಎರಡು ಗಂಟೆ ಬಿಟ್ಟೆ. ಆಮೇಲೆ ಬೇರಿನ ತುದಿ ಕತ್ತರಿಸಿ, ಮೂರು ಪಾಲು ಈಥೈಲ್ ಆಲ್ಕೋಹಾಲ್, ಒಂದು ಪಾಲು ಗ್ಲೇಷಿಯಲ್ ಅಸಿಟಿಕ್ ಆಮ್ಲದ ಮಿಶ್ರಣದಲ್ಲಿ ರಾತ್ರಿಯಿಡೀ. ಇದಕ್ಕೆ ಫಿಕ್ಸ್ ಮಾಡುವುದು ಅಂತಾರೆ. ಆ ಕ್ಷಣಕ್ಕೆ ಕೋಶ ಎಲ್ಲಿತ್ತೋ ಅಲ್ಲೇ ನಿಂತುಬಿಡುತ್ತದೆ. ಕಿಟಕಿ ತೆಗೆದು, ಕೈಗವಸು ಮತ್ತು ಕನ್ನಡಕ ಹಾಕಿಕೊಂಡೇ ಮಾಡಿ. ಗ್ಲೇಷಿಯಲ್ ಅಸಿಟಿಕ್ ಆಮ್ಲ ಅಡುಗೆಯ ವಿನೆಗರ್ ಅಲ್ಲ, ಚರ್ಮ ಸುಡುತ್ತದೆ.

ಮೊದಲ ಸ್ಲೈಡ್, ಮೊದಲ ಮೋಸ

ಮಾರನೇ ದಿನ 60 ಡಿಗ್ರಿ ಬಿಸಿಯ, 1 ನಾರ್ಮಲ್ ಸಾಂದ್ರತೆಯ ಹೈಡ್ರೋಕ್ಲೋರಿಕ್ ಆಮ್ಲದಲ್ಲಿ ತುದಿಗಳನ್ನು ಎಂಟು ನಿಮಿಷ ಇಟ್ಟೆ. ಕೋಶ ಕೋಶದ ನಡುವಿನ ಅಂಟು ಇದರಿಂದ ಸಡಿಲವಾಗುತ್ತದೆ. ತೊಳೆದು ಅಸಿಟೋ-ಆರ್ಸೀನ್ ಬಣ್ಣ ಹಾಕಿದೆ. ತುದಿಯ ಒಂದೂವರೆ ಮಿಲಿಮೀಟರ್ ಮಾತ್ರ ಕಡು ಕೆಂಪು ನೇರಳೆಯಾಯಿತು. ವಿಭಜನೆ ಜೋರಾಗಿ ನಡೆಯುವುದು ಅಲ್ಲೇ, ಕೇಂದ್ರಗಳು ಒತ್ತೊತ್ತಾಗಿ ಇರುವುದೂ ಅಲ್ಲೇ. ಅಷ್ಟನ್ನು ಬಿಟ್ಟು ಉಳಿದದ್ದನ್ನು ಕತ್ತರಿಸಿ ಎಸೆದೆ. ಕವರ್‌ಸ್ಲಿಪ್ ಇಟ್ಟು, ಬ್ಲಾಟಿಂಗ್ ಪೇಪರ್ ಮಡಿಸಿಟ್ಟು, ಹೆಬ್ಬೆರಳಿನಿಂದ ಬಲವಾಗಿ ಒತ್ತಿದೆ.

ಸೂಕ್ಷ್ಮದರ್ಶಕದ 40ರ ಲೆನ್ಸಿನಲ್ಲಿ ನೋಡಿದರೆ ಎಲ್ಲೆಲ್ಲೂ ಜೋಡಿ. ಒಂದೊಂದು ನೋಟಕ್ಕೆ ಏಳೆಂಟು. ಖುಷಿಯಲ್ಲಿ ಮೊಬೈಲಿನಲ್ಲಿ ಫೋಟೋ ತೆಗೆದದ್ದೇ ತೆಗೆದದ್ದು.

ಆಮೇಲೆ ಬರೀ ನೀರಿನ ಜಾಡಿಯ ಸ್ಲೈಡ್ ಇಟ್ಟೆ. ಅದರಲ್ಲೂ ಒಂದೊಂದು ನೋಟಕ್ಕೆ ಆರೇಳು ಜೋಡಿ!

ಕೆಫೀನ್ ಮುಟ್ಟದ ಬೇರಿನಲ್ಲೂ ಅಷ್ಟೇ ಜೋಡಿ ಕಾಣುತ್ತಿದೆ ಅಂದರೆ ನಾನು ನೋಡುತ್ತಿರುವುದು ಜೋಡಿ ಕೋಶವೇ ಅಲ್ಲ. ಬರೀ ನೀರಿನ ಜಾಡಿ ಇಡದೆ ಹೋಗಿದ್ದರೆ ಅವತ್ತೇ ಫೋಟೋ ಎಲ್ಲರಿಗೂ ಕಳಿಸಿ, ಕೆಲಸ ಮುಗೀತು ಅಂತ ಕೂತಿರುತ್ತಿದ್ದೆ. ಅಕ್ಕನ ಮಗಳು ತುಂಬಾ ಹೊತ್ತು ಕಣ್ಣಿಟ್ಟು ಕೂತವಳು ಹೇಳಿದಳು, "ಮಾಮ, ಇದರ ನಡುವೆ ಒಂದು ಗೆರೆ ಇದೆ. ಬೆಳಕು ಕಡಿಮೆ ಮಾಡಿ ನೋಡಿ." ಲೆನ್ಸಿನ ಕೆಳಗಿನ ಐರಿಸ್, ಅಂದರೆ ಬೆಳಕು ಬರುವ ಕಿಂಡಿ, ಅರ್ಧಕ್ಕಿಂತ ಜಾಸ್ತಿ ಮುಚ್ಚಿದೆ. ಹೌದು. ಕೂದಲಿಗಿಂತ ತೆಳುವಾದ, ಗಾಜಿನ ಬಣ್ಣದ ಒಂದು ಗೆರೆ ಎರಡು ಕೇಂದ್ರದ ನಡುವೆ ನೆಟ್ಟಗೆ ನಿಂತಿತ್ತು.

ಆರ್ಸೀನ್ ವರ್ಣತಂತುಗಳಿಗೆ ಹಿಡಿಯುತ್ತದೆ, ಗೋಡೆಗೆ ಹಿಡಿಯುವುದಿಲ್ಲ. ಬೆಳಕು ಪೂರ್ತಿ ಬಿಟ್ಟರೆ ಗೋಡೆ ಇದ್ದೂ ಇಲ್ಲದ ಹಾಗೆ. ಎರಡು ಕೇಂದ್ರ ನೋಡಿದರೆ ಸಾಲದು, ನಡುವೆ ಗೋಡೆ ಇಲ್ಲ ಅನ್ನುವುದನ್ನೂ ನೋಡಬೇಕು. ಇಲ್ಲದ್ದನ್ನು ನೋಡುವುದೇ ಈ ಕೆಲಸದ ಕಷ್ಟದ ಭಾಗ.

ಆ ಸ್ಲೈಡಿನಲ್ಲಿ ನನ್ನನ್ನು ದಾರಿ ತಪ್ಪಿಸಿದ್ದು ಮೂರು ಸಂಗತಿ. ಜೋರಾಗಿ ಒತ್ತಿದ್ದರಿಂದ ಕೆಲವು ಕೋಶ ಒಡೆದು, ಅಕ್ಕಪಕ್ಕದ ಕೇಂದ್ರಗಳು ಹೊರಗೆ ತೇಲಿ ಜೊತೆಯಾಗಿದ್ದವು. ಕೆಲವು ಕಡೆ ಒಂದು ಕೋಶದ ಮೇಲೆ ಇನ್ನೊಂದು ಮಲಗಿತ್ತು. ಮೂರನೆಯದೇ ನಿಜವಾದ ಕಿರಿಕಿರಿ. ಆಗತಾನೆ ಕೇಂದ್ರ ಎರಡಾಗಿ, ಗೋಡೆ ಇನ್ನೂ ಕಟ್ಟುತ್ತಿರುವ ಆರೋಗ್ಯವಂತ ಕೋಶಗಳು. ಟೀಲೋಫೇಸ್ ಹಂತದವು. ಅವಕ್ಕೂ ಎರಡು ಕೇಂದ್ರ ಇದೆ, ಗೋಡೆಯೂ ಸರಿಯಾಗಿ ಕಾಣುವುದಿಲ್ಲ. ಆ ಕ್ಷಣದ ಮಟ್ಟಿಗೆ ಅವೂ ಜೋಡಿಗಳೇ ಅಲ್ವಾ? ಆದರೆ ಅರ್ಧ ಗಂಟೆ ಬಿಟ್ಟಿದ್ದರೆ ಗೋಡೆ ಬಂದಿರುತ್ತಿತ್ತು.

ಎರಡನೇ ಸುತ್ತು

ಒತ್ತುವ ರೀತಿ ಬದಲಿಸಿದೆ. ಮೊದಲು ಪೆನ್ಸಿಲಿನ ರಬ್ಬರ್ ತುದಿಯಿಂದ ಕವರ್‌ಸ್ಲಿಪ್ ಮೇಲೆ ಮೆಲ್ಲಗೆ ತಟ್ಟುವುದು, ಬಣ್ಣದ ಮುದ್ದೆ ಮೋಡದ ಹಾಗೆ ಹರಡುವವರೆಗೆ. ಆಮೇಲೆ ಹೆಬ್ಬೆರಳನ್ನು ನೇರವಾಗಿ ಇಳಿಸಿ ಒಂದೇ ಸಲ ಒತ್ತುವುದು. ಪಕ್ಕಕ್ಕೆ ಕೂದಲೆಳೆಯಷ್ಟೂ ಜಾರಬಾರದು, ಜಾರಿದರೆ ಕೋಶಗಳು ಚಾಪೆಯಂತೆ ಸುರುಳಿ ಸುತ್ತುತ್ತವೆ. ಆಮ್ಲದ ಸಮಯವನ್ನು ಎಂಟರಿಂದ ಐದು ನಿಮಿಷಕ್ಕೆ ಇಳಿಸಿದೆ. ಕೋಶಗಳು ಬಿಡಿಬಿಡಿಯಾದವು, ಆದರೆ ಪುಡಿಯಾಗಲಿಲ್ಲ.

ಟೀಲೋಫೇಸ್ ಗೊಂದಲಕ್ಕೆ ಉಪಾಯ ಸಮಯದಲ್ಲೇ ಇತ್ತು. ಎರಡು ಗಂಟೆ ಕೆಫೀನ್ ಆದ ಮೇಲೆ ಬೇರನ್ನು ಚೆನ್ನಾಗಿ ತೊಳೆದು, ಶುದ್ಧ ನೀರಿನಲ್ಲಿ ಇನ್ನೂ ಎರಡು ಗಂಟೆ ಬೆಳೆಯಲು ಬಿಟ್ಟೆ. ಕೆಫೀನ್ ತೊಳೆದು ಹೋಗುತ್ತದೆ, ಹೊಸದಾಗಿ ವಿಭಜನೆಯಾಗುವ ಕೋಶಗಳು ಎಂದಿನಂತೆ ಗೋಡೆ ಕಟ್ಟುತ್ತವೆ. ಗೋಡೆ ತಪ್ಪಿಸಿಕೊಂಡ ಹಳೆಯ ಜೋಡಿಗಳಿಗೆ ಅದು ಮತ್ತೆ ಬರುವುದಿಲ್ಲ. ಅಷ್ಟರಲ್ಲಿ ಅವುಗಳ ಕೇಂದ್ರಗಳು ಊದಿ ದುಂಡಗಾಗಿರುತ್ತವೆ. ಟೀಲೋಫೇಸಿನ ಕೇಂದ್ರ ಚಿಕ್ಕದು, ದಟ್ಟ, ಎರಡು ತಟ್ಟೆ ಎದುರುಬದುರು ನಿಲ್ಲಿಸಿದ ಹಾಗೆ ಚಪ್ಪಟೆ. ವಿಶ್ರಾಂತಿಗೆ ಬಂದ ಕೇಂದ್ರ ದೊಡ್ಡದು, ಬಲೆ ನೇಯ್ದಂತೆ, ಒಳಗೆ ಒಂದೆರಡು ಬಣ್ಣ ಹಿಡಿಯದ ತಿಳಿ ಚುಕ್ಕೆ. ಆ ಚುಕ್ಕೆಗಳು ನ್ಯೂಕ್ಲಿಯೋಲಸ್‌ಗಳು.

ಈಗ ಲೆಕ್ಕಕ್ಕೆ ತೆಗೆದುಕೊಳ್ಳಬೇಕಾದರೆ ಕೋಶ ನಾಲ್ಕು ಪರೀಕ್ಷೆ ಪಾಸಾಗಬೇಕು ಅಂತ ನಾವಿಬ್ಬರೂ ಒಪ್ಪಂದ ಮಾಡಿಕೊಂಡೆವು. ಕೋಶದ ಹೊರಗೋಡೆ ಸುತ್ತಲೂ ಒಡೆಯದೆ ಇರಬೇಕು. ಎರಡೂ ಕೇಂದ್ರ ಒಂದೇ ಫೋಕಸಿನಲ್ಲಿ ಸ್ಪಷ್ಟವಾಗಬೇಕು, ಒಂದು ಕಂಡಾಗ ಇನ್ನೊಂದು ಮಸುಕಾದರೆ ಅದು ಮೇಲೆ ಕೆಳಗೆ ಮಲಗಿದ ಎರಡು ಕೋಶ. ಕೇಂದ್ರಗಳು ದುಂಡಗೆ, ಚುಕ್ಕೆ ಸಮೇತ ಇರಬೇಕು. ಐರಿಸ್ ಮುಚ್ಚಿ, ಫೋಕಸ್ ಚಕ್ರ ಮೇಲೆ ಕೆಳಗೆ ತಿರುಗಿಸಿದರೂ ನಡುವೆ ಗೆರೆ ಕಾಣಬಾರದು.

ಬರೀ ನೀರಿನ ಸ್ಲೈಡಿನಲ್ಲಿ ಮುನ್ನೂರು ಕೋಶ ನೋಡಿದೆವು. ಒಂದೂ ಪಾಸಾಗಲಿಲ್ಲ.

ಕೆಫೀನ್ ಸ್ಲೈಡಿನಲ್ಲಿ ಹೆಚ್ಚು ಕಡಿಮೆ ಪ್ರತಿ ನೋಟದಲ್ಲೂ ಒಂದೋ ಎರಡೋ ಪಾಸಾದವು. ಮೊದಲ ದಿನದ ಏಳೆಂಟಕ್ಕೆ ಹೋಲಿಸಿದರೆ ಕಡಿಮೆ. ಆದರೆ ಇವು ಪಕ್ಕಾ.

ಒಂದು ಕೋಶವನ್ನು ಮಾತ್ರ ಹತ್ತಿರದಿಂದ ಹೇಳುತ್ತೇನೆ. ಅಕ್ಕಪಕ್ಕದ ಕೋಶಗಳಿಗಿಂತ ಉದ್ದ, ಇಟ್ಟಿಗೆ ಸಾಲಿನ ನಡುವೆ ಒಂದೂವರೆ ಇಟ್ಟಿಗೆ ಇಟ್ಟ ಹಾಗೆ. ಎರಡು ಕೇಂದ್ರ ಒಂದಕ್ಕೊಂದು ತಾಗುವಷ್ಟು ಹತ್ತಿರ, ಮುಖ ಒತ್ತಿಕೊಂಡ ಕಡೆ ತುಸು ಚಪ್ಪಟೆ. ಐರಿಸ್ ಮುಚ್ಚಿದಾಗ ಎಡಗಡೆಯ ಗೋಡೆಯಿಂದ ಒಂದು ಮೊಂಡು ಚೂರು ಒಳಕ್ಕೆ ಚಾಚಿತ್ತು. ಕಾಲು ಭಾಗ ಬಂದು ಅಲ್ಲೇ ನಿಂತಿತ್ತು. ಕಟ್ಟುವುದಕ್ಕೆ ಶುರು ಮಾಡಿ ಕೈಬಿಟ್ಟ ಗೋಡೆ ಅದು. ಕೆಫೀನ್ ಎಲ್ಲಿ ತಡೆಯಿತು ಅನ್ನುವುದು ಅಲ್ಲಿ ಬರೆದಿಟ್ಟ ಹಾಗೆ ಕಾಣುತ್ತಿತ್ತು. ಅವಳು ಅದನ್ನು ಪೆನ್ಸಿಲಿನಲ್ಲಿ ಬಿಡಿಸಿಕೊಂಡಳು. ಫೋಟೋದಲ್ಲಿ ಆ ಚೂರು ಸರಿಯಾಗಿ ಬರಲೇ ಇಲ್ಲ, ಚಿತ್ರದಲ್ಲಿ ಬಂತು.

ಎರಡೂ ಒಟ್ಟಿಗೆ ಏಳುತ್ತವಾ?

ಇಲ್ಲಿಗೆ ನಿಲ್ಲಿಸಬಹುದಿತ್ತು. ಆದರೆ ಅವಳೇ ಮುಂದಿನ ಪ್ರಶ್ನೆ ಕೇಳಿದಳು: ಈ ಎರಡು ಕೇಂದ್ರ ಮುಂದಿನ ಸಲ ವಿಭಜನೆಯಾಗುವಾಗ ಒಂದಾದ ಮೇಲೆ ಒಂದು ಹೋಗುತ್ತವಾ, ಜೊತೆಗೇ ಹೋಗುತ್ತವಾ?

ಇದಕ್ಕೆ 1970ರಲ್ಲಿ ಪೋಟು ನರಸಿಂಹ ರಾವ್ ಮತ್ತು ರಾಬರ್ಟ್ ಜಾನ್ಸನ್ ಅನ್ನುವ ವಿಜ್ಞಾನಿಗಳು ಹೀಲಾ ಅನ್ನುವ, ಪ್ರಯೋಗಾಲಯದಲ್ಲಿ ಬೆಳೆಸುವ ಮನುಷ್ಯರ ಕೋಶಗಳಲ್ಲಿ ಮಾಡಿದ ಪ್ರಯೋಗ ನೆನಪಾಯಿತು. ಬೇರೆ ಬೇರೆ ಹಂತದಲ್ಲಿದ್ದ ಎರಡು ಕೋಶಗಳನ್ನು ಬೆಸೆದು ಒಂದು ಮಾಡಿದರು. ಡಿಎನ್‌ಎ ನಕಲು ಮಾಡುತ್ತಿದ್ದ ಕೋಶದ ಜೊತೆ ಇನ್ನೂ ಶುರು ಮಾಡದ ಕೋಶ ಸೇರಿದರೆ, ಹಿಂದಿದ್ದ ಕೇಂದ್ರವೂ ಬೇಗನೆ ನಕಲು ಶುರು ಮಾಡಿತು. ವಿಭಜನೆಯಲ್ಲಿದ್ದ ಕೋಶದ ಜೊತೆ ಸೇರಿದರೆ, ಹೊತ್ತಲ್ಲದ ಹೊತ್ತಿನಲ್ಲಿ ಇನ್ನೊಂದರ ವರ್ಣತಂತುಗಳೂ ಬಿಗಿದುಕೊಂಡವು. ಎಚ್ಚರಿಸುವ ಸಂಕೇತ ಸುತ್ತಲಿನ ಕೋಶದ್ರವ್ಯದಲ್ಲಿದೆ ಅಂತ ಅದರಿಂದ ತಿಳಿಯಿತು. ಒಂದೇ ಕೋಣೆಯಲ್ಲಿದ್ದರೆ ಇಬ್ಬರಿಗೂ ಒಂದೇ ಗಂಟೆ ಕೇಳಿಸುತ್ತದೆ.

ಈರುಳ್ಳಿಯಲ್ಲಿ ಇದನ್ನು ನೋಡುವುದಕ್ಕೆ ಕೆಫೀನ್ ತುಂಬಾ ಅನುಕೂಲ. ಆ ಎರಡು ಗಂಟೆಯೊಳಗೆ ಗೋಡೆ ಕಟ್ಟುವ ಹೊತ್ತಿಗೆ ಬಂದ ಕೋಶಗಳು ಮಾತ್ರ ಜೋಡಿಯಾಗುತ್ತವೆ. ಅಂದರೆ ಜೋಡಿ ಅನ್ನುವುದೇ ಒಂದು ಮುದ್ರೆ. ಒಂದೇ ಹೊತ್ತಿಗೆ ಹೊರಟವರ ಗುಂಪಿಗೆ ಗುರುತು ಹಾಕಿದ ಹಾಗೆ. ಪ್ರಾಣಿ ಕೋಶಗಳಲ್ಲೂ ಇದೇ ಉಪಾಯ ಬಳಸುತ್ತಾರೆ. ಸೈಟೋಕಲಾಸಿನ್-ಬಿ ಅನ್ನುವ ವಸ್ತು ಹಾಕಿ ಕೋಶ ತುಂಡಾಗುವುದನ್ನು ತಡೆದು, ಒಂದೇ ಒಂದು ಸಲ ವಿಭಜನೆಗೆ ಹೋದ ಕೋಶಗಳನ್ನು ಎರಡು ಕೇಂದ್ರದಿಂದ ಗುರುತಿಸಿ, ಅವುಗಳಲ್ಲಿ ಮಾತ್ರ ಡಿಎನ್‌ಎ ಹಾನಿಯ ಲೆಕ್ಕ ಹಾಕುವ ಪರೀಕ್ಷೆ 1985ರಿಂದ ಬಳಕೆಯಲ್ಲಿದೆ.

25 ಡಿಗ್ರಿಯಲ್ಲಿ ಈರುಳ್ಳಿ ಬೇರಿನ ತುದಿಯ ಕೋಶಕ್ಕೆ ಒಂದು ವಿಭಜನೆಯಿಂದ ಇನ್ನೊಂದಕ್ಕೆ ಸುಮಾರು 13-14 ಗಂಟೆ ಬೇಕು. ಸಂಜೆ ಆರಕ್ಕೆ ಕೆಫೀನ್ ತೊಳೆದು, ಬೆಳಿಗ್ಗೆ ಐದರಿಂದ ಹತ್ತರವರೆಗೆ ಗಂಟೆಗೊಮ್ಮೆ ತುದಿ ಕತ್ತರಿಸಿ ಫಿಕ್ಸ್ ಮಾಡಿದೆ. ಆರೂ ಸ್ಲೈಡಿನಲ್ಲಿ ಜೋಡಿಗಳು ಇದ್ದವು. ಒಂದೂ ವಿಭಜನೆಯಲ್ಲಿ ಇರಲಿಲ್ಲ. ಎಲ್ಲವೂ ನಿದ್ದೆಯಲ್ಲಿ.

ತಪ್ಪು ನೀರಿನ ಬಿಸಿಯದ್ದು. ಸಂಜೆ 25 ಇದ್ದ ಟಬ್ಬಿನ ನೀರು ಬೆಳಿಗ್ಗೆ 18ಕ್ಕೆ ಇಳಿದಿತ್ತು. ತಣ್ಣಗಾದಷ್ಟೂ ಕೋಶದ ಗಡಿಯಾರ ನಿಧಾನ. 15 ಡಿಗ್ರಿಯಲ್ಲಿ ಹೆಚ್ಚು ಕಡಿಮೆ ಎರಡರಷ್ಟು ಹೊತ್ತು ಹಿಡಿಯುತ್ತದೆ. ನನ್ನ ಜೋಡಿಗಳು ದಾರಿಯಲ್ಲೇ ಇದ್ದವು, ನಾನು ಬೇಗ ಬಾಗಿಲಲ್ಲಿ ಕಾದಿದ್ದೆ, ಅಷ್ಟೇ. ಆವಾಗ ಬಂದದ್ದು ಬಿಸಿ ಕಡ್ಡಿ. ಮೀನಿನ ತೊಟ್ಟಿಯದ್ದೇ, ಥರ್ಮೋಸ್ಟಾಟ್ ಇರುವಂಥದ್ದು. ಅದನ್ನು ಜಾಡಿಗೆ ಹಾಕದೆ ಹೊರಗಿನ ಟಬ್ಬಿಗೆ ಹಾಕಿದೆ. ಕಡ್ಡಿಯ ಮೇಲಿನ ಅಂಕಿ ನಂಬಬೇಡಿ. ನನ್ನದು 25ಕ್ಕೆ ತಿರುಗಿಸಿದರೆ 27 ಕೊಡುತ್ತಿತ್ತು. ಥರ್ಮಾಮೀಟರ್ ಜಾಡಿಯೊಳಗೇ ಇಟ್ಟು, ಒಂದು ಇಡೀ ರಾತ್ರಿ ಬರೀ ನೀರಿನಲ್ಲಿ ಓಡಿಸಿ, ಅರ್ಧ ಡಿಗ್ರಿಯೊಳಗೆ ನಿಲ್ಲುತ್ತದೆ ಅಂತ ಖಾತ್ರಿಯಾದ ಮೇಲೆಯೇ ಹೊಸ ಗಡ್ಡೆ ಇಟ್ಟೆ.

ಈ ಸಲ ಅದೇ ಸಂಜೆ ಆರು, ಅದೇ ಬೆಳಿಗ್ಗೆ ಐದು. ಮೊದಲ ಸ್ಲೈಡಿನಲ್ಲಿ ಕೆಲವು ಜೋಡಿಗಳ ಬಲೆ ದಪ್ಪ ದಾರವಾಗತೊಡಗಿತ್ತು. ಒಂದರಲ್ಲಿ ದಪ್ಪವಾದರೆ ಪಕ್ಕದ್ದರಲ್ಲೂ ದಪ್ಪ. ಏಳು ಗಂಟೆಯ ಸ್ಲೈಡಿಗೆ ಬರುವಷ್ಟರಲ್ಲಿ ಕೈ ನಡುಗುತ್ತಿತ್ತು, ಫೋಕಸ್ ಚಕ್ರ ಹಿಡಿಯುವುದೇ ಕಷ್ಟ.

ಒಂದೇ ಗೋಡೆಯೊಳಗೆ ಎರಡು ಮೆಟಾಫೇಸ್. ಈರುಳ್ಳಿಯ 16 ವರ್ಣತಂತುಗಳ ಒಂದು ಸಾಲು ನಡುಗೆರೆಯಲ್ಲಿ ನಿಂತಿತ್ತು. ಅದರ ಪಕ್ಕದಲ್ಲೇ ಇನ್ನೊಂದು 16ರ ಸಾಲು ತನ್ನ ನಡುಗೆರೆಯಲ್ಲಿ. ಎರಡೂ ಒಂದೇ ಹಂತ. ಅದೇ ಸ್ಲೈಡಿನ ಬಲ ಮೂಲೆಯಲ್ಲಿ ಇನ್ನೊಂದು ಕೋಶ, ಅದರಲ್ಲಿ ಎರಡೂ ಗುಂಪು ಎಳೆದುಕೊಂಡು ನಾಲ್ಕಾಗುತ್ತಿದ್ದವು. ಇದಕ್ಕೆ ಬೈಮೈಟೋಸಿಸ್ ಅಂತ ಹೆಸರು. ಒಂದು ಮುಂದೆ, ಒಂದು ಹಿಂದೆ ಇರುವ ಜೋಡಿಯನ್ನು ಹುಡುಕಿದೆವು, ನಮ್ಮ ಸ್ಲೈಡುಗಳಲ್ಲಿ ಸಿಗಲಿಲ್ಲ. ಇನ್ನೊಂದು ಕೋಶದಲ್ಲಿ ಎರಡು ಸಾಲೂ ತುದಿ ಕೂಡಿ ಒಂದೇ ಉದ್ದ ಸಾಲಾಗಿತ್ತು. ಅಂಥದ್ದು ಹಾಗೇ ಮುಂದುವರಿದರೆ ಎರಡು ಕೇಂದ್ರದ ಕಥೆ ಮುಗಿದು, ಎರಡರಷ್ಟು ವರ್ಣತಂತು ಇರುವ ಒಂಟಿ ಕೇಂದ್ರಗಳು ಹುಟ್ಟುತ್ತವೆ.

ಅವಳನ್ನು ಎಬ್ಬಿಸಿ ಕರೆದೆ. ನಿದ್ದೆಗಣ್ಣಲ್ಲೇ ಬಂದು ಕೂತಳು. ಐರಿಸ್ ತಾನೇ ಮುಚ್ಚಿದಳು, ಚಕ್ರ ಮೇಲೆ ಕೆಳಗೆ ತಿರುಗಿಸಿದಳು, ಗೋಡೆ ಹುಡುಕಿದಳು.

"ಗೆರೆ ಇಲ್ಲ ಮಾಮ," ಅಂದಳು. ಆಮೇಲೆ ಪೆನ್ಸಿಲ್ ಕೇಳಿದಳು.

ಅವಳು ಬಿಡಿಸಿ ಮುಗಿಸುವವರೆಗೂ ಕಾದು, ಕವರ್‌ಸ್ಲಿಪ್ ಅಂಚಿಗೆ ಸುತ್ತಲೂ ನೈಲ್ ಪಾಲಿಶ್ ಬಳಿದು ಮುಚ್ಚಿದೆ. ಹೀಗೆ ಮುಚ್ಚಿದ ಸ್ಲೈಡ್ ಫ್ರಿಜ್‌ನಲ್ಲಿ ಕೆಲವು ದಿನ ಕೆಡದೆ ಉಳಿಯುತ್ತದೆ. ಉಳಿದ ತುದಿಗಳು 70 ಶೇಕಡಾ ಆಲ್ಕೋಹಾಲಿನಲ್ಲಿ ಇವೆ. ಮುಂದಿನ ವಾರ ಒಂಬತ್ತು ಗಂಟೆಯವನ್ನು ತೆಗೆದು, ನಾಲ್ಕಾದ ಕೇಂದ್ರಗಳ ನಡುವೆ ಗೋಡೆಗಳು ಎಲ್ಲೆಲ್ಲಿ ಬಂದಿವೆ ಅಂತ ನೋಡಬೇಕು.